ಎರಡು ಬಟ್ಟಲು ಶೇಂಗಾ

ಆಗ ನಮ್ಮ ಮಾನ್ವಿಯಲ್ಲಿ ಹುರಿದ ಶೇಂಗಾ ಕೊಂಡು ತಿನ್ನುವವರು ಎರಡೇ ಬಗೆ. ಸಿನಿಮಾ ನೋಡಲು ಬಂದವರು, ಇಲ್ಲವೇ ಬಸ್ಸು ತಪ್ಪಿಸಿಕೊಂಡವರು. ಮಿಕ್ಕವರೆಲ್ಲ ಮನೆಯಲ್ಲೇ ಹುರಿದುಕೊಳ್ಳುತ್ತಿದ್ದರು. ಥಂಡಿ ಶುರುವಾಗಿ ಹೊಸ ಶೇಂಗಾ ಬಂತೆಂದರೆ ಓಣಿಯ ಒಂದಲ್ಲ ಒಂದು ಮನೆಯಿಂದ ಹುರಿಯುವ ಬಾಣಲೆಯಲ್ಲಿ ಕಾದ ಉಸುಕಿನ ವಾಸನೆ ಬರುತ್ತಿತ್ತು. ಆ ವಾಸನೆ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಶಾಲೆ ಬಿಟ್ಟು ಬರುವಾಗ ಮೂಗು ಮುಂದೆ, ಕಾಲು ಹಿಂದೆ ಇರುತ್ತಿದ್ದವು.

ನನ್ನದು ಸಂಶಯದ ಸ್ವಭಾವ. ಸಂತೆಯಲ್ಲಿ ಕಾಯಿಪಲ್ಯೆಯವಳು ಒಂದು ಹಿಡಿ ಕೊತ್ತಂಬರಿ ಕೊಸರು ಹಾಕಿದರೆ, ತಕ್ಕಡಿಯಲ್ಲಿ ಎಲ್ಲಿ ಹೊಡೆದಳು ಎಂದು ನೋಡುವವಳು ನಾನು. ಇದು ನಿನಗೆಲ್ಲಿಂದ ಅಂಟಿತು ಎಂದು ನನ್ನ ಗಂಡ ಆಗಾಗ ಕೇಳುತ್ತಾನೆ. ನನಗೆ ಗೊತ್ತು. ನಾಲ್ಕನೇ ತರಗತಿಯಲ್ಲಿದ್ದಾಗ, ಒಂದು ಥಂಡಿಗಾಲದಲ್ಲಿ, ಶೇಂಗಾದ ಜೊತೆಗೇ ಅದು ನಮ್ಮ ಮನೆಗೆ ಬಂತು.

ಅದರ ಹಿಂದಿನ ವರ್ಷ ನನ್ನ ಅವ್ವ ಜ್ವರ ಬಂದು ತೀರಿಕೊಂಡಿದ್ದಳು. ಅಪ್ಪ ಬಸ್ ಡ್ರೈವರ್, ಮಾನ್ವಿಗೂ ರಾಯಚೂರಿಗೂ ನಡುವೆ ಓಡಾಡುತ್ತಿದ್ದ. ಅವ್ವ ಹೋದ ಮೇಲೆ ಅವಳ ಸೀರೆ, ಬಳೆ, ಫೋಟೋ ಎಲ್ಲವನ್ನೂ ಟ್ರಂಕಿಗೆ ಹಾಕಿ ಅಟ್ಟಕ್ಕೇರಿಸಿದ. ಒಮ್ಮೆ ಊಟಕ್ಕೆ ಕೂತಾಗ ನಾನು "ಅವ್ವ ಇದ್ದಿದ್ರ..." ಎಂದು ಶುರು ಮಾಡಿದ್ದೆ. ಅಪ್ಪ ತಟ್ಟೆ ಬಿಟ್ಟು ಎದ್ದು ಹೊರಗೆ ಹೋದ. ಅಂದಿನಿಂದ ನಮ್ಮ ಮನೆಯಲ್ಲಿ ಅವ್ವನ ಮಾತಿಗೆ ಬೀಗ ಬಿತ್ತು. ದೀಪಾವಳಿ ಮುಗಿದ ಮೇಲೆ ಅವನು ದೇವದುರ್ಗದ ಕಡೆಯ ಮಸರಕಲ್ಲಿನಿಂದ ಇನ್ನೊಬ್ಬಳನ್ನು ಮದುವೆಯಾಗಿ ಕರೆತಂದ. ಅವಳನ್ನು ಚಿಕ್ಕವ್ವ ಎನ್ನಬೇಕೆಂದು ಎಲ್ಲರೂ ಹೇಳಿದರು. ನಾನು ಹಾಗೆ ಕರೆಯಲಿಲ್ಲ.

ಚಿಕ್ಕವ್ವ ಬರುವಾಗ ಒಂದು ಚೀಲ ಶೇಂಗಾ ತಂದಳು. ಅದರ ಜೊತೆಗೆ ಒಂದು ಡಬ್ಬಿ ತುಂಬ ಉಸುಕು. ಕಪ್ಪಗೆ, ನುಣ್ಣಗೆ ಮಿಂಚುವ ಉಸುಕು. ಪಕ್ಕದ ಮನೆಯ ಹನುಮವ್ವ ಅದನ್ನು ನೋಡಿದ್ದೇ ತಡ, ನನ್ನನ್ನು ಬಾಗಿಲ ಹಿಂದಕ್ಕೆ ಎಳೆದುಕೊಂಡಳು.

"ಗಂಡನ ಮನಿಗಿ ಬರಾಕಿ ಬಂಗಾರ ತರ್ತಾಳ, ಭಾಂಡೆ ತರ್ತಾಳ. ಉಸುಕು ಯಾರ್ ತರ್ತಾರ ಬೇ? ಯಾವ ಸುಡುಗಾಡಿಂದೋ ಏನೋ. ಹುಷಾರ್ ಇರವ್ವ ನೀ."

ಹನುಮವ್ವ ಕೆಟ್ಟವಳಲ್ಲ. ಮಾತಿಲ್ಲದೆ ಇರಲಾಗದವಳು, ಅಷ್ಟೆ. ಆದರೆ ನನ್ನ ತಲೆಗೆ ಹುಳ ಬಿಟ್ಟಾಗಿತ್ತು. ಹೊಸ ಉಸುಕಿನಲ್ಲಿ ಹುರಿದರೆ ಕಾಳು ಅಲ್ಲಲ್ಲಿ ಸೀಯುತ್ತದೆ, ವರ್ಷಗಟ್ಟಲೆ ಹುರಿದು ಪಳಗಿದ ಉಸುಕು ಒಂದೇ ಸಮ ಕಾಯುತ್ತದೆ, ಅದಕ್ಕೇ ಚಿಕ್ಕವ್ವನ ತವರಿನಲ್ಲಿ ಉಸುಕನ್ನೂ ಬೇಳೆ ಕಾಳಿನಷ್ಟೇ ಜೋಪಾನ ಮಾಡುತ್ತಾರೆ ಎಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಆದಿತ್ಯವಾರ ಮಧ್ಯಾಹ್ನ ಅವಳು ಹಿತ್ತಲಲ್ಲಿ ಒಲೆ ಹೂಡುತ್ತಿದ್ದಳು. ಖಾರಕ್ಕೆಂದು ತೆಗೆದಿಟ್ಟ ಕಾಳಿಗೆ ಬೆಳಿಗ್ಗೆಯೇ ಉಪ್ಪುನೀರು ಚಿಮುಕಿಸಿ ಮೊರದಲ್ಲಿ ಆರಲು ಹಾಕಿರುತ್ತಿದ್ದಳು. ಬಾಣಲೆಯ ಉಸುಕು ಕಾದ ಮೇಲೆ ಕಾಳು ಸುರಿದು ತಿರುವುತ್ತಿದ್ದರೆ ಚಟಚಟ ಸದ್ದು. ಸದ್ದು ಇಳಿಯುತ್ತಲೇ ಜರಡಿಗೆ ಹಾಕಿ ಅಲ್ಲಾಡಿಸುವಳು. ಉಸುಕು ಕೆಳಗೆ, ಕೆಂಪಗಾದ ಶೇಂಗಾ ಮೇಲೆ. ಉಪ್ಪಿನ ಕಾಳಿಗೆ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಕೆಂಪು ಖಾರ ಬೀಳುತ್ತಿತ್ತು. ಸಪ್ಪೆ ಕಾಳಿಗೆ ಬೆಲ್ಲದ ಪಾಕ, ಒಣಶುಂಠಿ, ಚೂರು ತುಪ್ಪ. ಪಾಕ ಒಣಗಿ ಕಾಳುಕಾಳಿಗೂ ಅಂಟಿ ಬಿಡಿಬಿಡಿಯಾಗುವ ತನಕ ಕೈ ನಿಲ್ಲಿಸುವಂತಿಲ್ಲ. ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ತಿರುವುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತು ಅವಳ ಕೈಯನ್ನೇ ನೋಡುತ್ತಿದ್ದೆ. ಬಾಯಲ್ಲಿ ನೀರೂ ಬರುತ್ತಿತ್ತು, ಹೊಟ್ಟೆಯಲ್ಲಿ ಕಿಚ್ಚೂ ಇತ್ತು. ಒಂದಕ್ಕೊಂದು ಅಡ್ಡ ಬರಲಿಲ್ಲ.

ಮನೆಯಲ್ಲಿ ಇರುವವರು ಮೂವರು. ಪ್ರತಿ ವಾರ ಎರಡೆರಡು ಬಗೆ ಯಾಕೆ? ಇದು ನನ್ನ ಮೊದಲ ಸಂಶಯ. ಎರಡನೆಯದು ಇನ್ನೂ ದೊಡ್ಡದು. ಬಿಸಿ ಶೇಂಗಾದಲ್ಲಿ ಮೊದಲ ಹಿಡಿ ತೆಗೆದು, ಸಿಹಿದು ಒಂದು ಬಟ್ಟಲಿಗೆ, ಖಾರದ್ದು ಒಂದು ಬಟ್ಟಲಿಗೆ ಹಾಕಿ, ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ಬರಿಗೈಲಿ ಹೊರಗೆ ಬರುತ್ತಿದ್ದಳು. ಆಮೇಲೆ ನನ್ನ ಮುಂದೆ ತಟ್ಟೆ ಇಡುತ್ತಿದ್ದಳು. ತಾನು ಮಾತ್ರ ಒಂದು ಕಾಳೂ ಬಾಯಿಗೆ ಹಾಕುತ್ತಿರಲಿಲ್ಲ.

"ತಿನ್ನವ್ವ, ಬಿಸಿ ಅದ."

"ನೀ ತಿನ್ನು ಮದ್ಲ."

"ನಾ ಆಮ್ಯಾಲ ತಿಂತೀನಿ. ನೀ ತಿನ್ನು."

ಒಂದು ವಾರ ಆ ತಟ್ಟೆಯನ್ನು ಲಂಗದಲ್ಲಿ ಸುರಿದುಕೊಂಡು ಹನುಮವ್ವನ ಹತ್ತಿರ ಓಡಿದೆ. ಅವಳು ಕಣ್ಣು ಅಗಲ ಮಾಡಿ, "ಮಾಡಿದಾಕಿನ ತಿನ್ನಂಗಿಲ್ಲಂದ್ರ..." ಎಂದು ಮಾತನ್ನು ಅಲ್ಲಿಗೇ ಬಿಟ್ಟಳು. ಬಿಟ್ಟು, ನಾನು ತಂದ ಶೇಂಗಾವನ್ನು ತಾನೇ ಒಂದೊಂದಾಗಿ ತಿಂದು ಮುಗಿಸಿದಳು. ಅದರಲ್ಲೊಂದು ವಿಚಿತ್ರವಿದೆ ಎಂದು ನನಗಾಗಲಿ ಅವಳಿಗಾಗಲಿ ಹೊಳೆಯಲಿಲ್ಲ. ಮುಂದಿನ ವಾರ ಅವಳ ಕೋಳಿಗೆ ನಾಲ್ಕು ಕಾಳು ಹಾಕಿ ಸಂಜೆಯವರೆಗೆ ಕಾದೆ. ಕೋಳಿಗೆ ಏನೂ ಆಗಲಿಲ್ಲ. ಇನ್ನಷ್ಟು ಬೇಕೆಂದು ನಮ್ಮ ಹಿತ್ತಲಿಗೇ ಬಂದು ನಿಂತಿತು.

ಹಾಗಾದರೆ ವಿಷವಲ್ಲ. ಬೇರೆ ಏನೋ ಇದೆ ಎಂದುಕೊಂಡೆ. ಯಾಕೆಂದರೆ ಅಪ್ಪ ಬದಲಾಗುತ್ತಿದ್ದ. ಡ್ಯೂಟಿಯಿಂದ ಬಂದು ಒಂದು ಕಡೆ ಸಿಹಿ, ಒಂದು ಕಡೆ ಖಾರ ಇಟ್ಟುಕೊಂಡು ತಿನ್ನುತ್ತ, ರಾಯಚೂರಿನ ಬಸ್‌ ಸ್ಟ್ಯಾಂಡಿನ ಸುದ್ದಿ ಹೇಳಿ ನಗುತ್ತಿದ್ದ. ಅವ್ವ ಹೋದ ಮೇಲೆ ಅವನು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಖುಷಿಯಾಗಬೇಕಿತ್ತು. ಆಗಲಿಲ್ಲ. ಇವಳು ಅಪ್ಪನಿಗೆ ಅವ್ವನನ್ನು ಮರೆಸುವ ಮದ್ದು ಹಾಕುತ್ತಿದ್ದಾಳೆ ಎಂದು ಖಾತ್ರಿಯಾಯಿತು. ಇನ್ನು ಈ ಮನೆಯಲ್ಲಿ ಅವ್ವನ ಪರವಾಗಿ ಉಳಿದವಳು ನಾನೊಬ್ಬಳೇ. ನಾನೂ ಮರೆತರೆ ಅವ್ವ ಇರಲೇ ಇಲ್ಲ ಎಂದಾಗುತ್ತದೆ ಎಂದು ಹೆದರಿಕೆಯಾಯಿತು.

ಒಂದು ದಿನ ನನ್ನ ಜಡೆ ಹಾಕಲು ಅವಳು ಬಗ್ಗಿದಾಗ, ಅವಳ ತಾಳಿಯ ಹಿಂದೆ ಕರಿದಾರದಲ್ಲಿ ಒಂದು ಸಣ್ಣ ಬೆಳ್ಳಿಯ ತಗಡು ತೂಗಾಡಿತು. ನನ್ನ ಕಣ್ಣು ಬಿದ್ದದ್ದು ಗೊತ್ತಾಗಿ ತಟ್ಟನೆ ಸೆರಗು ಎಳೆದುಕೊಂಡಳು. ಸಂಶಯಕ್ಕೆ ಇನ್ನೇನು ಬೇಕು? ತಾಯತ ಕಟ್ಟಿಕೊಂಡೇ ಬಂದಿದ್ದಾಳೆ.

ಅದರ ಮುಂದಿನ ಆದಿತ್ಯವಾರ ಅಪ್ಪನಿಗೆ ಡ್ಯೂಟಿ ಇತ್ತು. ಅವಳು ಬಟ್ಟಲುಗಳನ್ನು ಮುಚ್ಚಿಕೊಂಡು ಒಳಗೆ ಹೋದಳು. ನಾನು ಬೆಕ್ಕಿನ ಹೆಜ್ಜೆ ಇಟ್ಟು ಹಿಂದೆಯೇ ಹೋದೆ. ಜೋಳದ ಚೀಲ ಇಡುವ ಹಿಂದಿನ ಕೋಣೆಯಲ್ಲಿ, ನೆಲ ಒರೆಸಿ, ಮಣೆ ಹಾಕಿ, ಕೊರಳಿನ ಬೆಳ್ಳಿ ತಗಡನ್ನು ಬಿಚ್ಚಿ ಮಣೆಯ ಮೇಲಿಟ್ಟಿದ್ದಳು. ಅದರ ಮುಂದೆ ಎರಡು ಬಟ್ಟಲು. ಕೈ ಮುಗಿದು ಏನೋ ಗುನುಗುತ್ತಿದ್ದಳು.

"ಯಾರಿಗಿ ಮಾಟ ಮಾಡಾಕತ್ತೀ?" ನಾನು ಕಿರುಚಿದೆ.

ಅವಳು ತಿರುಗಿ ನೋಡಿದಳು.

"ಕೂಗಬ್ಯಾಡ ನಮ್ಮವ್ವ, ಕೂಗಬ್ಯಾಡ. ನಿಮ್ಮಪ್ಪಗ ಗೊತ್ತಾದ್ರ ಸಿಟ್ಟಾಗ್ತಾರ. ಮಾಟ ಅಲ್ಲ ಇದು. ಇದು ಅಕ್ಕ."

"ಯಾವ ಅಕ್ಕ?"

"ನಿಮ್ಮವ್ವ."

ನನಗೆ ಏನೂ ತಿಳಿಯಲಿಲ್ಲ. ಅವಳು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆಲ್ಲಗೆ ಹೇಳಿದಳು. ಮೊದಲ ಹೆಂಡತಿ ತೀರಿಕೊಂಡ ಮನೆಗೆ ಎರಡನೆಯವಳಾಗಿ ಹೋಗುವವಳು, ತೀರಿಕೊಂಡವಳ ಹೆಸರಿನಲ್ಲಿ ಒಂದು ಬೆಳ್ಳಿ ತಗಡು ಮಾಡಿಸಿ ಕೊರಳಿಗೆ ಕಟ್ಟಿಕೊಳ್ಳಬೇಕು. ಮನೆಯಲ್ಲಿ ಏನೇ ಹೊಸದಾಗಿ ಮಾಡಿದರೂ ಮೊದಲ ಹಿಡಿ ಆಕೆಗೆ. ಆಕೆ ಉಂಡ ಮೇಲೆಯೇ ತಾನು ಬಾಯಿಗೆ ಹಾಕಿಕೊಳ್ಳಬೇಕು. ಅವಳ ತವರಿನ ಪದ್ಧತಿ ಅದು. ಅಪ್ಪ ಇಂಥದ್ದೆಲ್ಲ ಬೇಡವೆಂದಿದ್ದ. ಅದಕ್ಕೇ ಈ ಮರೆ.

"ಅಕ್ಕಗ ಸೇರಿದ್ದ ಇಡಬೇಕವ್ವ," ಎಂದಳು. "ಸೇರಲಾರದ್ದು ಇಟ್ರ ಆಕಿ ನನ್ನ ಈ ಮನ್ಯಾಗ ನಿಂದ್ರಗೊಡಂಗಿಲ್ಲ. ನನಗ ಅಂಜಿಕಿ ಆಗ್ತದ. ನಿಮ್ಮಪ್ಪನ್ನ ಕೇಳಂಗಿಲ್ಲ. ಹನುಮವ್ವನ್ನ ಕೇಳಿದೆ. ಒಮ್ಮೆ ಸಿಹಿದು ಅಂದ್ಲು, ಇನ್ನೊಮ್ಮೆ ಖಾರದ್ದು ಅಂದ್ಲು. ಅದಕ್ಕ ಎರಡೂ ಮಾಡಾಕತ್ತೀನಿ. ನಿನ್ನ ಕೇಳಾಮಂದ್ರ ನೀ ನನ್ನ ಮಾರಿ ಸೈತ ನೋಡಂಗಿಲ್ಲ. ಈಗರ ಹೇಳು. ನಿಮ್ಮವ್ವಗ ಯಾವದು ಸೇರ್ತಿತ್ತು?"

ಬಾಯಿ ತೆರೆದೆ. ಉತ್ತರ ಬರುತ್ತದೆ ಎಂದೇ ತೆರೆದೆ. ಅವ್ವ ನನಗೆ ಶೇಂಗಾದ ಸಿಪ್ಪೆ ಉಜ್ಜಿ ಊದಿ ಕೊಡುತ್ತಿದ್ದದ್ದು ನೆನಪಾಯಿತು. ಅಪ್ಪನ ಅಂಗಿಯ ಜೇಬಿಗೆ ಒಂದು ಹಿಡಿ ಹಾಕಿ ಕಳಿಸುತ್ತಿದ್ದದ್ದು ನೆನಪಾಯಿತು. ಅವಳ ಬೆರಳು, ಬಳೆ, ಊದುವಾಗ ಸೊಟ್ಟಗಾಗುವ ತುಟಿ, ಎಲ್ಲ ಬಂದವು. ಆದರೆ ಅವ್ವ ತಿಂದದ್ದು ನೆನಪಾಗಲಿಲ್ಲ. ಎಷ್ಟು ಹುಡುಕಿದರೂ ಅವಳ ಬಾಯಲ್ಲಿ ಒಂದು ಕಾಳೂ ಸಿಗಲಿಲ್ಲ.

"ಗೊತ್ತಿಲ್ಲ," ಎಂದು ಜೋರಾಗಿ ಅತ್ತುಬಿಟ್ಟೆ. ಅವ್ವ ಸತ್ತ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಚಿಕ್ಕವ್ವನಿಗೂ ಆಸೆ ಮುರಿದಿತ್ತು. ಬಟ್ಟಲುಗಳನ್ನು ಸರಿಸಿಟ್ಟು, "ಹಂಗಾರ ಎರಡೂ ಇಡೂಣು," ಎಂದಳು. ಇಬ್ಬರೂ ಸೇರಿ ಕೈ ಮುಗಿದೆವು.

ಸಂಶಯ ಒಂದೇ ದಿನಕ್ಕೆ ಬಿಡುವ ರೋಗವಲ್ಲ. ಅವಳ ಮೇಲಿನದು ಇಳಿದು ನನ್ನ ಮೇಲೆಯೇ ಕೂತಿತು. ಅವ್ವನ ಬಗ್ಗೆ ನನಗೆ ಗೊತ್ತು ಎಂದುಕೊಂಡದ್ದರಲ್ಲಿ ಎಷ್ಟು ನಿಜ, ಎಷ್ಟು ನಾನೇ ಕಟ್ಟಿಕೊಂಡದ್ದು? ರಾತ್ರಿ ಕಂಡ ಕನಸನ್ನೂ ನಂಬದವಳಾದೆ. ದೊಡ್ಡವಳಾಗಿ ರಾಯಚೂರಿನಲ್ಲಿ ಶಿಕ್ಷಕಿಯಾದ ಮೇಲೆ, ಅಪ್ಪ ನಿವೃತ್ತನಾಗಿ ಮೆತ್ತಗಾಗಿದ್ದ ಕಾಲದಲ್ಲಿ, ಧೈರ್ಯ ಮಾಡಿ ಚಿಕ್ಕವ್ವನ ಆ ಪ್ರಶ್ನೆಯನ್ನೇ ಅವನಿಗೆ ಕೇಳಿದೆ. ಈ ಸಲ ಅವನು ಎದ್ದು ಹೋಗಲಿಲ್ಲ. "ಆಕಿ ನನ್ನ ಜೋಡಿ ಯಾವಾಗ ಕುಂತು ತಿಂದಾಳ?" ಎಂದ. ಈಗ ಅಪ್ಪನೂ ಇಲ್ಲ, ಹನುಮವ್ವನೂ ಇಲ್ಲ. ಅವ್ವನ ರುಚಿ ಬಲ್ಲವರು ಈ ಭೂಮಿಯ ಮೇಲೆ ಒಬ್ಬರೂ ಉಳಿದಿಲ್ಲ.

ಈಗ ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ಪುದೀನದ್ದು, ಜೇನಿನದ್ದು, ಮಸಾಲೆಯದ್ದು ಎಂದು ಹತ್ತು ತರಹದ ಶೇಂಗಾ ಪ್ಯಾಕೆಟ್ಟು ತೂಗಾಡುತ್ತವೆ. ಉಸುಕಿನಲ್ಲಿ ಹುರಿಯುವ ಮನೆ ಮಾನ್ವಿಯಲ್ಲೂ ನನಗೆ ಕಾಣುವುದಿಲ್ಲ. ಹೋದ ಥಂಡಿಗಾಲದಲ್ಲಿ ಚಿಕ್ಕವ್ವ ನನ್ನ ಮನೆಗೆ ಬಂದಿದ್ದಳು. ಗ್ಯಾಸ್ ಒಲೆಯ ಮುಂದೆ ನಿಂತು, ಅಭ್ಯಾಸದಂತೆ ಎರಡೂ ಬಗೆ ಮಾಡುತ್ತಿದ್ದಳು. ಮೂವತ್ತು ವರ್ಷದ ಮೇಲಾಯಿತು ಇವಳು ನಮ್ಮ ಮನೆಗೆ ಬಂದು.

"ಚಿಕ್ಕವ್ವಾ, ನಿನಗ ಯಾವದು ಸೇರ್ತದ?"

ಅವಳು ತಿರುವುವುದನ್ನು ನಿಲ್ಲಿಸಿ, ಕೀಟಲೆ ಮಾಡುತ್ತಿದ್ದೇನೋ ಎಂದು ನನ್ನ ಮುಖ ನೋಡಿದಳು.

"ನನಗ? ನನಗ ಹುರಿದದ್ದ ಸೇರಂಗಿಲ್ಲವ್ವ. ಹಸೀದು ಸೇರ್ತದ. ಹೊಲದಾಗ ಬಳ್ಳಿ ಕಿತ್ತು, ಮಣ್ಣು ಒರಸಿ, ಅಲ್ಲೇ ಸುಲದು ತಿನ್ನೂದು. ಈಗ ಕೇಳಿದ್ಯಲ್ಲ, ದವಡಿ ಹಲ್ಲೆಲ್ಲಾ ಹ್ವಾದ ಮ್ಯಾಲ!" ಎಂದು ನಕ್ಕಳು.

ಮರುದಿನ ಮಾರ್ಕೆಟ್ಟಿಗೆ ಹೋಗಿ ಹಸಿ ಶೇಂಗಾ ತಂದೆ. ಸುಲಿದು, ಮಿಕ್ಸಿಯಲ್ಲಿ ತರಿತರಿಯಾಗಿ ಮಾಡಿ ಬಟ್ಟಲಲ್ಲಿ ಹಾಕಿಕೊಟ್ಟೆ. ಚಮಚದಿಂದ ಸ್ವಲ್ಪ ಸ್ವಲ್ಪವೇ ತಿಂದಳು. "ಇದು ಆ ರುಚಿ ಅಲ್ಲ ಬಿಡು," ಎಂದಳು. ಆದರೂ ಬಟ್ಟಲು ಖಾಲಿ ಮಾಡಿದಳು. ಆಮೇಲೆ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು, "ಈ ಮಾತು ನನಗ ಯಾರೂ ಕೇಳಿದ್ದಿಲ್ಲ ನೋಡವ್ವ," ಎಂದಳು.