ಸೆಲಿಮಿಯೆಯ ನೆತ್ತಿಗೊಂದು ಕಳಶ

ನನ್ನ ಗಂಡ ಸಂಪತ್ ಮೈಸೂರಿನವರು, ಐರ್ಲೆಂಡಿನ ಸ್ಲೈಗೋದಲ್ಲಿ ಮೂಳೆ ಡಾಕ್ಟರು. ಹಗಲೆಲ್ಲ ಮುರಿದ ಕೈಕಾಲು ಕೂಡಿಸಿ ಬಂದ ಮನುಷ್ಯ ಮನೆಯಲ್ಲಾದರೂ ಸುಮ್ಮನೆ ಕೂರಬಾರದೇ? ಇಲ್ಲಿಯ ಕನ್ನಡದವರ ಗಣೇಶನಿಗೆ ಹನ್ನೊಂದು ವರ್ಷದಿಂದ ಮಂಟಪ, ಗೋಪುರ ಎಲ್ಲ ಇವರದೇ ಕೈಕೆಲಸ. ನನ್ನ ಊಟದ ಮೇಜು ಬಣ್ಣ ಮೆತ್ತಿಕೊಂಡು ಹಾಳಾಗಿ ಹೋಗಿದೆ.

ಈ ಸಲ ಕಟ್ಟಿದ್ದು ಮಸೀದಿ. ಇವರ ವಾರ್ಡಿನ ನರ್ಸ್ ನೆಸ್ರಿನ್ ಟರ್ಕಿಯ ಎದಿರ್ನೆಯವಳು. ಅವಳ ತಂದೆ ರಮೀಜ್ ಅಲ್ಲಿಯ ಸೆಲಿಮಿಯೆ ಮಸೀದಿಯ ಗುಮ್ಮಟಕ್ಕೆ ಸೀಸದ ತಗಡು ಹೊದಿಸುತ್ತಿದ್ದವರು. ನಾನೂರೈವತ್ತು ವರ್ಷದ ಹಿಂದೆ ಸುಲ್ತಾನ ಎರಡನೇ ಸೆಲಿಮನಿಗಾಗಿ ಸಿನಾನ್ ಎಂಬ ವಾಸ್ತುಶಿಲ್ಪಿ ಎಂಬತ್ತರ ವಯಸ್ಸಿನಲ್ಲಿ ಕಟ್ಟಿದ್ದಂತೆ ಅದು. ಈಗ ಮಗಳ ಮನೆಯಲ್ಲಿರುವ ರಮೀಜ್ ಬಿದ್ದು ಸೊಂಟ ಮುರಿದುಕೊಂಡರು. ಇನ್ನು ಊರು ನೋಡುವಂತಿಲ್ಲ ಎಂದು ಅತ್ತರಂತೆ. ಆಪರೇಷನ್ ಮಾಡಿದ ಇವರು, ಮಸೀದಿಯನ್ನೇ ಇಲ್ಲಿಗೆ ತರ್ತೀನಿ ಅಂದುಬಿಟ್ಟರು. ಇವರ ಬಾಯಿ ನೋಡಿ!

ನನ್ನ ಸ್ಟೀಲ್ ಬೋಗುಣಿಯ ಮೇಲೆ ಪ್ಲಾಸ್ಟರ್ ಬ್ಯಾಂಡೇಜ್ ಸುತ್ತಿ ಗುಮ್ಮಟ ಮಾಡಿದರು. ನಾಲ್ಕು ಮೂಲೆಗೆ ಸಪೂರ ಮಿನಾರು ನಿಲ್ಲಿಸಿ, ಶನಿವಾರ ನಾನು ಏಳುವ ಮುಂಚೆಯೇ ತುದಿ ಕೂರಿಸಿ ರಮೀಜರಿಗೆ ಕೊಟ್ಟು ಬಂದರು. ಸಂಜೆ ಫೋಟೊ ನೋಡಿದವಳೇ ಕೂಗಿಕೊಂಡೆ.

"ರೀ, ಗುಮ್ಮಟದ ತುದೀಲಿ ಅರ್ಧಚಂದ್ರ ಎಲ್ರೀ? ಕಳಶ ಇಟ್ಟಿದ್ದೀರಲ್ಲ!"

ಹನ್ನೊಂದು ವರ್ಷದ ರೂಢಿ! ಕೈ ತನ್ನಷ್ಟಕ್ಕೆ ಗಡಿಗೆಯ ಮೇಲೆ ಗಡಿಗೆ ಪೇರಿಸಿ ಚಿನ್ನದ ಬಣ್ಣ ಬಳಿದಿತ್ತು.

"ಬೇಕಂತ್ಲೇ ಅಣಕಿಸ್ದೆ ಅನ್ಕೊಂಡ್ರೆ? ಆ ಮುದುಕರ ಮನಸ್ಸಿಗೆ ಎಷ್ಟು ನೋವಾಗತ್ತೆ ಹೇಳು," ಎಂದು ಇವರು ತಟ್ಟೆ ಸರಿಸಿಬಿಟ್ಟರು. ಬೈಯಲು ಹೊರಟಿದ್ದ ನನಗೂ ಹೆದರಿಕೆಯಾಯಿತು.

ಭಾನುವಾರ ಬೆಳಿಗ್ಗೆಯೇ ಹೋದೆವು. ರಮೀಜ್ ಕಿಟಕಿಯ ಬಳಿ ಮಾದರಿಯ ಮುಂದೆ ಕೂತಿದ್ದರು. ಇವರು ತಡವರಿಸುತ್ತ ಕ್ಷಮೆ ಕೇಳಿದರು. ನೆಸ್ರಿನ್ ತಂದೆಗೆ ತಿಳಿಸಿದಳು. ಮುದುಕರು ಕಳಶವನ್ನು ಬೆರಳಿನಿಂದ ಸವರಿ ಜೋರಾಗಿ ನಕ್ಕರು. ಅವರ ಮಸೀದಿಯ ತುದಿಯಲ್ಲೂ ಚಂದ್ರನ ಕೆಳಗೆ ಹೀಗೇ ಗಡಿಗೆಗಳಂತೆ! ನೆಲದಲ್ಲಿ ನಿಂತವರು ಚಂದ್ರನನ್ನಷ್ಟೇ ನೋಡುತ್ತಾರೆ, ಮೇಲೆ ಹತ್ತಿದವನಿಗೆ ಗಡಿಗೆಯ ನೆನಪು ಎಂದರು. ಚಂದ್ರನನ್ನು ತಾವೇ ತಗಡಿನಲ್ಲಿ ಕತ್ತರಿಸುತ್ತಾರಂತೆ. ಅಬ್ಬಾ, ನನಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ರಮೀಜ್ ಗುಮ್ಮಟ ಎತ್ತಿ ಒಳಗೆ ಇಣುಕಿ ಕಂಬ ಎಣಿಸಿದರು. ಮುಖ ಕೆಂಪಾಯಿತು. ಟರ್ಕಿ ಭಾಷೆಯಲ್ಲಿ ಒಂದೇ ಸಮನೆ ಗದರಿದರು. ನೆಸ್ರಿನ್ ನಗು ತಡೆದುಕೊಂಡು ಇಂಗ್ಲಿಷಿನಲ್ಲಿ ಹೇಳಿದಳು: ಕಂಬ ಆರಲ್ಲ, ಎಂಟು! ಎಂಟು ಕಂಬ ಭಾರ ಹೊತ್ತಿದ್ದಕ್ಕೇ ನಡುವೆ ಅಷ್ಟು ದೊಡ್ಡ ಬಯಲು. ಆರರ ಮೇಲೆ ನಿಂತಿದೆ ಅಂದರೆ ಅಪ್ಪ ನಲವತ್ತು ವರ್ಷ ಹತ್ತಿದ್ದು ಯಾವ ಮಸೀದಿ, ಡಾಕ್ಟರೇ?

"ಗ್ರ್ಯಾಂಡ್, ಗ್ರ್ಯಾಂಡ್!" ಎಂದು ಇಲ್ಲಿಯ ಐರಿಶರ ಹಾಗೆ ಒಪ್ಪಿಕೊಂಡು, "ಬಿಚ್ಚಿ ಕಟ್ತೀನಿ," ಎಂದು ಇವರು ಕನ್ನಡದಲ್ಲೇ ಕೂಗಿದರು. ಕೆಲಸ ಬಲ್ಲವರಿಂದ ಜೊತೆ ಕೆಲಸಗಾರನಂತೆ ಬೈಗುಳ ತಿನ್ನುತ್ತ ಅಷ್ಟು ಸುಖವಾಗಿ ನಕ್ಕ ಗಂಡನನ್ನು ನಾನು ಕಂಡಿರಲಿಲ್ಲ.