ಮಾರಿಯ ಮೊರ ಹೊತ್ತವಳು

ಇಂಗ್ಲಿಷಿನಲ್ಲಿ ‘ಸ್ಕೇಪ್‌ಗೋಟ್’ ಎನ್ನುತ್ತಾರೆ. ನಾವು ಕನ್ನಡದಲ್ಲಿ ಬಲಿಪಶು ಎಂದು ಹೇಳಿ ಮುಗಿಸಿಬಿಡುತ್ತೇವೆ. ಅದು ತಪ್ಪು ಅಂತ ಕಾಲೇಜು ಓದುತ್ತಿದ್ದಾಗ ನಾಗಮಂಗಲದ ಚರ್ಚಾಸ್ಪರ್ಧೆಯೊಂದರಲ್ಲಿ ವಾದಿಸಿ ನಾನು ಕಪ್ ಗೆದ್ದಿದ್ದೆ. ಯೆಹೂದ್ಯರ ಹಳೆಯ ಆಚರಣೆಯಲ್ಲಿ ಇದ್ದದ್ದು ಎರಡು ಹೋತ. ಒಂದನ್ನು ಬಲಿ ಕೊಡುತ್ತಿದ್ದರು. ಇನ್ನೊಂದರ ತಲೆಯ ಮೇಲೆ ಪುರೋಹಿತ ಕೈಯಿಟ್ಟು, ಜನರ ಪಾಪವನ್ನೆಲ್ಲ ಒಪ್ಪಿಸಿ, ಬೆಂಗಾಡಿಗೆ ಅಟ್ಟಿಸುತ್ತಿದ್ದ. ಆ ಹೆಸರು ಈ ಎರಡನೆಯದರದು. ಹೊತ್ತುಕೊಂಡು ಆಚೆ ಹೋಗುವುದೇ ಅದರ ಕೆಲಸ. ಚಪ್ಪಾಳೆ ಬಿತ್ತು. ಅಪ್ಪ ಆ ಕಪ್ಪನ್ನು ಬಂದವರಿಗೆಲ್ಲ ತೋರಿಸಿದ.

ಅದೇ ವರ್ಷ, ತೊಂಬತ್ತರ ದಶಕದ ನಡುವೆ, ಕೆ.ಆರ್. ಪೇಟೆ ಕಡೆಯ ನಮ್ಮೂರಿನ ದನಗಳಿಗೆ ಕಾಲುಬಾಯಿ ಜ್ವರ ಬಂತು. ಅದಕ್ಕೆ ಕೆಲವೇ ದಿನ ಮುಂಚೆ ಪಶುವೈದ್ಯರು ಲಸಿಕೆ ಹಾಕಿ ಹೋಗಿದ್ದರು. ಸೂಜಿ ಚುಚ್ಚಿಸಿದರೆ ಹಾಲು ಬತ್ತುತ್ತದೆ ಎನ್ನುತ್ತಿದ್ದವರನ್ನು ಮನೆಮನೆಗೆ ಹೋಗಿ ಒಪ್ಪಿಸಿದ್ದವಳು ನಾನು.

ಜ್ವರ ಬಂದದ್ದು ಸೂಜಿಯಿಂದಲ್ಲ; ಸೂಜಿ ಫಲ ಕೊಡುವ ಮುಂಚೆಯೇ ರೋಗ ಊರು ಹೊಕ್ಕಿತ್ತು. ಲಸಿಕೆಯ ಹಿಂದಿನ ದಿನ ಅಪ್ಪ ಸಂತೆಯಿಂದ ಅಗ್ಗಕ್ಕೆ ಒಂದು ಎತ್ತು ತಂದು, ಊರ ತೊಟ್ಟಿಯಲ್ಲೇ ನೀರು ಕುಡಿಸಿದ್ದ. ಮಾರನೆಯ ದಿನ ಅದರ ಬಾಯಿಂದ ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು. ಸದ್ದಿಲ್ಲದೆ ಬೇರೆ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಂದ. ಎತ್ತನ್ನು ಊರೆಲ್ಲ ನೋಡಿತ್ತು. ಹುಣ್ಣನ್ನು ನೋಡಿದ್ದವರು ನಾವಿಬ್ಬರೇ.

ಅರಳಿಕಟ್ಟೆಯಲ್ಲಿ ಜನ ಸೇರಿದರು. ಊರ ಯಜಮಾನರು ನನ್ನನ್ನೇ ಕರೆದರು.

“ಏನವ್ವಾ ಲಾಯರಮ್ಮ, ಈಗ ಮಾತಾಡು. ನಮ್ಮನೆ ಅಸ ಬಾಯಿ ಬುಡೋಕಾಗ್ದೆ ನಿಂತದೆ.”

“ಸೂಜಿ ಹಾಕಿಸ್ದೇ ಇರೋ ಮನೆ ದನಕ್ಕೂ ಬಂದದಲ್ಲ ಯಜಮಾನ್ರೇ, ಅದಕ್ಕೇನಂತೀರಿ?”

ಎಲ್ಲರೂ ಅಪ್ಪನ ಕಡೆ ತಿರುಗಿದರು. ನಾನೂ ತಿರುಗಿದೆ. ಎತ್ತಿನ ವಿಷಯ ಅವನು ಬಾಯಿಬಿಟ್ಟರೆ ಸಾಕಿತ್ತು.

“ನಾನು ಬ್ಯಾಡಾ ಅಂದೆ ಕಣ್ರಪ್ಪ,” ಎಂದ ಅಪ್ಪ. “ಇವ್ಳೇ ಸೂಜಿ ಸೂಜಿ ಅಂತ ಕುಣುದ್ಳು. ಓದ್ದೋರ ಮುಂದೆ ನಮ್ಮಾತು ನಡೀತದಾ?”

ಕಟ್ಟೆಯ ಮೇಲಿದ್ದವರು ನಕ್ಕರು.

ರೋಗ ಬಂದಾಗ ಮೊರದಲ್ಲಿ ಬೇವಿನ ಸೊಪ್ಪು, ಅರಿಸಿನದನ್ನ, ಹಳೇ ಪೊರಕೆ ಇಟ್ಟು, ಮಾರಿಯನ್ನು ಊರ ಗಡಿ ದಾಟಿಸುವುದು ನಮ್ಮಲ್ಲಿನ ವಾಡಿಕೆ. ರೋಗ ತಂದ ಮನೆಯವರೇ ಆ ಮೊರವನ್ನು ಹೊರಬೇಕು. ನಾನು ಹೊರಲ್ಲ ಎಂದೆ. ಹಾಗಾದರೆ ನಿಮ್ಮ ದನಗಳಿಗೆ ಊರ ತೊಟ್ಟಿ ಇಲ್ಲ ಎಂದರು. ಅಪ್ಪ ತಾನೇ ಮೊರ ಎತ್ತಿ ನನ್ನ ತಲೆಯ ಮೇಲಿಟ್ಟ. ತಮಟೆಯವರು ಹಿಂದೆ ಬಂದರು. ಗಡಿ ಕಲ್ಲಿನ ಆಚೆ ಇಳಿಸಿ ಬಂದೆ.

ಮನೆಯಲ್ಲಿ ಕೇಳಿದೆ: “ಎತ್ತಿನ ವಿಚಾರ ಯಾಕಪ್ಪ ಹೇಳ್ಲಿಲ್ಲ?”

“ನಿಂಗೇನವ್ವ, ಓದ್ಕಂಡು ಎಲ್ಲಿಗೋ ಹೊಂಟೋಯ್ತೀಯ. ನಾನು ಇಲ್ಲೇ ಬಾಳ್ಬೇಕಲ್ಲ.”

ಅಂದರೆ ನಾನು ಹೇಗೂ ಆಚೆ ಹೋಗುವವಳು, ಆದ್ದರಿಂದ ಹೊರಬಹುದು. ಅವನ ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ.

ಎತ್ತಿನ ವಿಷಯ ನಾನೂ ಊರಿಗೆ ಹೇಳಲಿಲ್ಲ. ಅಪ್ಪನ ಮೇಲಿನ ಪ್ರೀತಿಯಿಂದಲ್ಲ. ಹೇಳಿದರೂ ನನ್ನ ಮಾತನ್ನು ಯಾರೂ ನಂಬದ ಹಾಗೆ ಅವನು ಆಗಲೇ ಮಾಡಿ ಮುಗಿಸಿದ್ದ.