ಬುವಾಲೈಯ ಹುಟ್ಟುಗೋಲು

ನಮ್ಮ ಕಡೆ ದೊಡ್ಡವರು ತೀರಿಕೊಂಡರೆ ದಹನದ ದಿನ ಬಂದವರಿಗೆಲ್ಲ ಅವರ ಜೀವನಚರಿತ್ರೆಯ ಪುಸ್ತಕ ಹಂಚಬೇಕು. ಮೂನ್ ಹೊಳೆಯಾಚೆಯ ವಿಹಾರದ ಖಾಂತಿ ಭಿಕ್ಷುಗಳು ಹೋದಾಗ ಅದನ್ನು ಬರೆಯುವ ಭಾಗ್ಯ ನನ್ನ ಪಾಲಿಗೆ ಬಂತು. ಜಿಲ್ಲಾ ಪತ್ರಿಕೆಗೆ ನಗೆಬರಹ ಗೀಚುವವನು ನಾನು. ನನಗಿಂತ ಯೋಗ್ಯರಾಗಿದ್ದ ಒಬ್ಬ ಮೇಷ್ಟ್ರಿಗೆ ಕಣ್ಣಿನ ಪೊರೆ ಬಂದಿತ್ತು.

ಮೂರನೆಯ ಅಧ್ಯಾಯದಲ್ಲಿ ನಾನು ಹೊಳೆಗಿಂತ ಜೋರಾಗಿ ಉಕ್ಕಿದೆ. ಪ್ರವಾಹಕ್ಕೆ ಬಿದ್ದ ಗುರುಗಳು ಧ್ಯಾನಸ್ಥರಾದರು, ಹೊಳೆಯೇ ಅವರನ್ನೆತ್ತಿ ದಡದಲ್ಲಿಟ್ಟಿತು ಎಂದು ಬರೆದೆ. ವಿಹಾರ ಸಮಿತಿಯ ಮುಖ್ಯಸ್ಥ ಪ್ರಸಿತ್ ಓದಿ ಕಣ್ಣೊರೆಸಿಕೊಂಡ.

ಸುದ್ದಿ ತಿಳಿದು ದೋಣಿ ನಡೆಸುವ ಬುವಾಲೈ, ಹೆಗಲ ಮೇಲೆ ಹುಟ್ಟುಗೋಲು ಹೊತ್ತು ವಿಹಾರದ ಜಗಲಿಗೇ ಬಂದಳು.

"ಏನಯ್ಯಾ, ಹೊಳೆಗೆ ಯಾವಾಗ ಕೈ ಬಂತು?"

"ಚಿಕ್ಕಮ್ಮ, ಅದು ಭಕ್ತಿಯಿಂದ..."

"ಎತ್ತಿದ್ದು ನಾನು. ಹೆಂಗಸ್ರು ಭಿಕ್ಷುಗಳನ್ನ ಮುಟ್ಟೋ ಹಂಗಿಲ್ಲ. ಅವ್ರು ಮುಳುಗ್ತಾ ಮುಳುಗ್ತಾ 'ಮುಟ್ಬೇಡ ತಾಯಿ' ಅಂತಾವ್ರೆ, ಬಾಯಿ ತುಂಬಾ ನೀರು. ಈ ಹುಟ್ಟುಗೋಲು ಚಾಚ್ದೆ, ಹಿಡ್ಕೊಂಡ್ರು."

ಪ್ರಸಿತ್ ರೇಗಿದ. "ಪವಾಡ ಇಲ್ದಿದ್ರೆ ಯಾರೇ ಪುಸ್ತಕ ಇಟ್ಕೋತಾರೆ? ಅಂಟಕ್ಕಿ ಅನ್ನ ಕಟ್ಟೋಕೆ ಹಾಳೆ ಹರೀತಾರೆ."

"ಹರ್ಕೊಳ್ಳಿ. ನಂಗೆ ಗಂಡ ಇಲ್ಲ, ಮಕ್ಳಿಲ್ಲ. ನಾನು ಮಾಡಿದ್ದು ಅಂತ ಹೇಳ್ಕೊಳೋಕೆ ಇರೋದು ಇದೊಂದೇ. ಅದನ್ನೂ ಹೊಳೆಗೆ ಕೊಟ್ಬಿಟ್ರಾ?"

ನನ್ನ ಪೆನ್ನು ನಿಂತಿತು. ಮೊದಲ ಪುಸ್ತಕದಲ್ಲಿ ಬಿದ್ದದ್ದೇ ಶಾಶ್ವತ. ಮುಂದೆ ಬರೆಯುವವರೆಲ್ಲ ಅದನ್ನೇ ನಕಲು ಹೊಡೆಯುತ್ತಾರೆ. ನಮ್ಮ ಕುಲದ ಸೋಮಾರಿತನ ನನಗೆ ತಿಳಿಯದೇ? ಪ್ರಸಿತ್ ಗೊಣಗುತ್ತಿದ್ದಂತೆಯೇ ಹೊಳೆಯ ಕೈ ಕತ್ತರಿಸಿ, ಹುಟ್ಟುಗೋಲನ್ನೂ ಬಾಯಿ ತುಂಬಿದ ನೀರನ್ನೂ ಇದ್ದ ಹಾಗೇ ಇಟ್ಟೆ.

ದಹನದ ದಿನ ಚಿತೆಗೆ ಬೆಂಕಿ ಬೀಳುವ ಮೊದಲೇ ಪುಸ್ತಕದ ಕಿಚ್ಚು ಜನಕ್ಕೆ ಹತ್ತಿತು. ಜನ ಮೂರನೆಯ ಅಧ್ಯಾಯ ಓದಿದರು, ನಕ್ಕರು, ಅತ್ತರು, ಒಬ್ಬರ ಕಾಲು ಒಬ್ಬರು ತುಳಿಯುತ್ತ ದೋಣಿಕಟ್ಟೆಗೆ ಓಡಿದರು. ಮಲ್ಲಿಗೆ ಹಾರ ಬಂತು, ಊದುಬತ್ತಿ ಬಂತು. ಬುದ್ಧನ ಮೂರ್ತಿಗೆ ಹಚ್ಚುವ ಚಿನ್ನದ ರೇಕನ್ನು ಹುಟ್ಟುಗೋಲಿಗೆ ಹಚ್ಚತೊಡಗಿದರು. ಯಾರೋ ತಾಯಿತಕ್ಕೆಂದು ಚಾಕುವಿನಿಂದ ಚಕ್ಕೆ ಎಬ್ಬಿಸಿದರು. ಸಾಲಿನಲ್ಲಿ ಪ್ರಸಿತ್ ಕೂಡ ಇದ್ದ, ಕೈಯಲ್ಲಿ ರೇಕು, ನನ್ನ ಕಣ್ಣು ತಪ್ಪಿಸುತ್ತ.

ನಡುವೆ ಬುವಾಲೈ ಮದುಮಗಳ ಹಾಗೆ ಕುಳಿತು ಕಥೆ ಹೇಳುತ್ತಿದ್ದಳು. ಹೇಳಿದಾಗಲೆಲ್ಲ ಹೊಳೆ ಒಂದು ಗೇಣು ಏರುತ್ತಿತ್ತು. ಸಂಜೆಯ ಹೊತ್ತಿಗೆ, "ಹುಟ್ಟುಗೋಲು ತಾನಾಗೇ ಗುರುಗಳ ಕಡೆ ಬಾಗ್ತು ಕಣ್ರಪ್ಪಾ" ಎಂದಳು.

ನಾನು ಅವಳ ಮುಖವನ್ನೇ ನೋಡಿದೆ.

"ಏನ್ ಹಂಗ್ ನೋಡ್ತೀಯಾ?" ಎಂದಳು ಬುವಾಲೈ, ಕಣ್ಣು ಮಿಟುಕಿಸಿ. "ಎರಡ್ನೇ ಸಲ ಅಚ್ಚು ಹಾಕ್ಸೋವಾಗ ಸೇರಿಸ್ಕೊ."